ರೇಡಿಯೋ ಭಾವನ ಬಾಯಿಗೆ ಬೀಗ

ನಮ್ಮ ಅಕ್ಕನ ಗಂಡನಿಗೆ ಹೆತ್ತವರು ಇಟ್ಟ ಹೆಸರು ಒಂದಿದೆ. ಮದುವೆಯ ಕಾಗದದಲ್ಲಿ ಒಂದು ಸಲ ಅಚ್ಚಾದದ್ದು ಬಿಟ್ಟರೆ ಆಮೇಲೆ ಅದನ್ನು ಯಾರೂ ಬಳಸಿದ ಹಾಗಿಲ್ಲ. ಊರಿಗೆಲ್ಲ ಅವರು ರೇಡಿಯೋ, ನನಗೆ ರೇಡಿಯೋ ಭಾವ. ನಿಜವಾದ ರೇಡಿಯೋ ಆದರೆ ಕಿವಿ ಹಿಂಡಿದರೆ ಬಾಯಿ ಮುಚ್ಚುತ್ತದೆ. ಇವರಿಗೆ ಆ ಸೌಕರ್ಯವೂ ಇಲ್ಲ.

ಕೂಡುರಸ್ತೆಯ ಪಕ್ಕದಲ್ಲಿ ಒಂದು ಉದ್ದನೆಯ ಕೋಣೆ. ನಡುವೆ ಹಲಗೆಯ ಗೋಡೆ. ಆ ಕಡೆ ಭಾವನ ಕಟಿಂಗ್ ಶಾಪು, ಈ ಕಡೆ ನನ್ನ ಹೊಲಿಗೆ ಅಂಗಡಿ. ಅಲ್ಲಿ ಒಂದು ತಿರುಗುವ ಕುರ್ಚಿ, ಮೂಲೆ ಒಡೆದ ಕನ್ನಡಿ, ನೀರು ಚಿಮುಕಿಸುವ ಬಾಟಲಿ, ಕಾಯುವವರಿಗೊಂದು ಬೆಂಚು. ಇಲ್ಲಿ ನಾನು, ನನ್ನ ಮಿಷನ್ನು, ಕತ್ತರಿಸಿದ ಚೂರು ಬಟ್ಟೆಗಳ ಗುಡ್ಡೆ. ಹಲಗೆಗಳು ಒಣಗಿ ಸಂದು ಬಿಟ್ಟಿವೆ. ಗೋಡೆಗೂ ಕಿವಿ ಇರುತ್ತದೆ ಅನ್ನುತ್ತಾರಲ್ಲ, ಆ ಗೋಡೆಯ ಕಿವಿ ನಾನೇ. ನಾನೇನು ಕದ್ದು ಕೇಳುವವಳಲ್ಲ. ಭಾವನ ಮಾತನ್ನು ಕೇಳದೆ ಇರಬೇಕಾದರೆ ಊರು ಬಿಟ್ಟು ಹೋಗಬೇಕು, ಅಷ್ಟೆ.

ಭಾವ ಸುದ್ದಿ ಹೇಳುವ ರೀತಿಯೇ ಬೇರೆ. ಯಾರದೋ ಎಮ್ಮೆ ಯಾರದೋ ಹೊಲಕ್ಕೆ ನುಗ್ಗಿತು ಅನ್ನುವುದು ಸುದ್ದಿ. ಆದರೆ ಭಾವನ ಬಾಯಿಗೆ ಬಿದ್ದ ಎಮ್ಮೆ ಮೊದಲು ತಲೆಯೆತ್ತಿ ನೋಡುತ್ತದೆ, ಯೋಚಿಸುತ್ತದೆ, ಹಿಂದೆ ಮುಂದೆ ನೋಡಿ ಬೇಲಿಯ ಹತ್ತಿರ ಬರುತ್ತದೆ. ಅಷ್ಟು ಹೊತ್ತಿಗೆ ಕುರ್ಚಿಯಲ್ಲಿ ಕೂತವನ ಅರ್ಧ ಗಡ್ಡ ಹೋಗಿರುತ್ತದೆ, ಇನ್ನರ್ಧ ಗಡ್ಡಕ್ಕಿಂತ ಎಮ್ಮೆಯ ಚಿಂತೆಯೇ ಅವನಿಗೆ ಹೆಚ್ಚಾಗಿರುತ್ತದೆ. ಕಡ್ಡಿಯನ್ನು ಗುಡ್ಡ ಮಾಡುವುದು ಅನ್ನುವುದು ಸಣ್ಣ ಮಾತು. ಇವರು ಆ ಗುಡ್ಡದ ಮೇಲೆ ಜನರನ್ನು ಹತ್ತಿಸಿ ಇಳಿಸಿಯೂ ಬಿಡುತ್ತಾರೆ.

ಇಷ್ಟು ಮಾತಾಡುವ ಮನುಷ್ಯ ಒಂದು ವಿಷಯ ಮಾತ್ರ ಎತ್ತುವುದಿಲ್ಲ. ಆ ಅಂಗಡಿ ಮೊದಲು ಅವರ ಅಣ್ಣನದು. ಗಟ್ಟಿಮುಟ್ಟಾದ ಆಳು. ಒಂದು ಮಧ್ಯಾಹ್ನ ಕತ್ತರಿ ಕೈಯಲ್ಲಿ ಇದ್ದ ಹಾಗೇ ಕುಸಿದು ಬಿದ್ದರು, ಏಳಲಿಲ್ಲ. ರಕ್ತದೊತ್ತಡ ಎಷ್ಟೋ ವರ್ಷದಿಂದ ಇದ್ದಿರಬೇಕು ಎಂದು ಡಾಕ್ಟರು ಆಮೇಲೆ ಹೇಳಿದರು. ಅಳೆದು ನೋಡಿದವರು ಯಾರೂ ಇರಲಿಲ್ಲ. ದೊಡ್ಡಾಸ್ಪತ್ರೆಗೆ ಎರಡು ಬಸ್ಸು ಬದಲಾಯಿಸಬೇಕು, ಏನೂ ನೋಯದಿರುವಾಗ ಯಾರು ಹೋಗುತ್ತಾರೆ?

ಊರಿನಲ್ಲಿ ಒಂದು ಸಣ್ಣ ಆರೋಗ್ಯ ಕೇಂದ್ರವಿದೆ, ಅದಕ್ಕೊಬ್ಬ ನರ್ಸಮ್ಮ. ಗಟ್ಟಿ ಹೆಂಗಸು, ನನಗೆ ಸ್ನೇಹಿತೆ. ಗಂಡಸರು ಅವಳ ಬಾಗಿಲು ತುಳಿಯುವುದಿಲ್ಲ ಅನ್ನುವುದೇ ಅವಳ ದೊಡ್ಡ ಗೋಳು. "ಅಳೀತೀನಿ ಬನ್ನಿ ಅಂದ್ರೆ, ನಮಗೇನಾಗಿದೆ ಅಂತ ಮೀಸೆ ತಿರುವ್ತಾರೆ," ಅನ್ನುತ್ತಿದ್ದಳು. ಹಳ್ಳಿಗಳ ಆರೋಗ್ಯ ಸುಧಾರಿಸುವುದಕ್ಕೆ ಸಣ್ಣ ಸಣ್ಣ ಅನುದಾನ ಕೊಡುವ ಸಂಸ್ಥೆಯೊಂದು ಅರ್ಜಿ ಕರೆದಿದೆ ಎಂದು ಗೊತ್ತಾದ ದಿನ ಅವಳು ಉಸಿರು ಬಿಡದೆ ನಮ್ಮ ಕಡೆ ಓಡಿ ಬಂದಳು. ಬಂದದ್ದು ನನ್ನ ಅಂಗಡಿಗಲ್ಲ, ಪಕ್ಕಕ್ಕೆ.

"ರೇಡಿಯೋ ಅಣ್ಣ, ಈ ಊರಿನ ಗಂಡಸ್ರು ತೋಳು ಚಾಚಿ ತೆಪ್ಪಗೆ ಕೂತ್ಕೊಳ್ಳೋದು ಅಂದ್ರೆ ನಿಮ್ಮ ಕುರ್ಚಿಲಿ ಮಾತ್ರ. ಬಿಪಿ ಮಿಷನ್ ಇಲ್ಲೇ ಇಡೋಣ. ಅಳೆಯೋದು ನಾನು ಕಲಿಸ್ತೀನಿ. ಜಾಸ್ತಿ ಬಂದವರನ್ನ ನನ್ನ ಹತ್ರ ಕಳಿಸಿ."

ಭಾವ ಕತ್ತರಿ ಕೆಳಗಿಟ್ಟರು. ಆ ದಿನ ಮಾತ್ರ ಒಂದೇ ಮಾತು ಹೇಳಿದರು: "ಆಗಲಿ ಸಿಸ್ಟರ್."

ಸಂದರ್ಶನಕ್ಕೆ ಇಬ್ಬರೂ ಹೋದರು. ನಿಮಗೆ ಈ ಹಣ ಯಾಕೆ ಬೇಕು ಎಂದು ಅಲ್ಲಿನ ಮೇಡಂ ಕೇಳಿದರಂತೆ. ಭಾವ ಶುರು ಮಾಡಿದರು. ಮನುಷ್ಯನಿಗೆ ಕೂದಲು ಯಾಕೆ ಬೆಳೆಯುತ್ತದೆ ಎಂಬಲ್ಲಿಂದ ಹೊರಟು, ಗಂಡಸಿನ ಜಂಬ ಎಲ್ಲಿ ಹುಟ್ಟುತ್ತದೆ ಎಂಬಲ್ಲಿ ತಿರುಗಿ, ನಮ್ಮೂರ ಬಸ್ಸು ಯಾಕೆ ತಡ ಎಂಬಲ್ಲಿ ಸ್ವಲ್ಪ ನಿಂತು, ಬಿಪಿ ಮಿಷನ್ನಿನ ಹತ್ತಿರ ಬರುವಷ್ಟರಲ್ಲಿ ಮೇಡಂ ಕಣ್ಣಲ್ಲಿ ನಗುವಿನ ನೀರು. ಕಾಯುತ್ತಿದ್ದ ಬೇರೆ ಊರಿನವರೂ ಬಾಗಿಲಿಗೆ ಬಂದು ನಿಂತಿದ್ದರಂತೆ. "ಅನುದಾನ ಕೊಟ್ಟಿದ್ದು ಯೋಜನೆ ಮೆಚ್ಚಿ ಅಲ್ಲ ಕಣೆ, ಊಟದ ಹೊತ್ತಾಗಿತ್ತು," ಎಂದು ನರ್ಸಮ್ಮ ನನ್ನ ಹತ್ತಿರ ಹೊಟ್ಟೆ ಹಿಡಿದುಕೊಂಡು ನಕ್ಕಳು. ಒಂದು ಷರತ್ತು ಮಾತ್ರ ಇತ್ತು. ಕೆಲವು ತಿಂಗಳ ಮೇಲೆ ಮೇಡಂ ಬಂದು ನೋಡುತ್ತಾರೆ. ಅಳತೆ ನಂಬುವ ಹಾಗಿದ್ದರೆ ಮಿಷನ್ನು ಇಲ್ಲೇ ಉಳಿಯುತ್ತದೆ, ಇಲ್ಲವಾದರೆ ಸಾಲಿನಲ್ಲಿ ಕಾಯುತ್ತಿರುವ ಮುಂದಿನ ಊರಿಗೆ ಹೋಗುತ್ತದೆ.

ಮಿಷನ್ನು ಬಂತು. ಗೋಡೆಗೆ ಸುಣ್ಣ ಬಳಿದದ್ದೇನು, ಹಳೇ ಬೆಂಚಿಗೆ ನನ್ನ ಕೈಯಲ್ಲಿ ಹೊಸ ಹೊದಿಕೆ ಹೊಲಿಸಿದ್ದೇನು! ಮಿಷನ್ನಿಗೂ ಒಂದು ಹೂವಿನ ಬಟ್ಟೆಯ ಅಂಗಿ ಹೊಲಿಸಿದರು. ತೋಳಿಗೆ ಸುತ್ತುವ ಪಟ್ಟಿ ಹಿಟ್ಟಿನ ಗಿರಣಿಯವನ ದಪ್ಪ ತೋಳಿಗೆ ಎಟುಕಲಿಲ್ಲ ಎಂದು, ಅದಕ್ಕೊಂದು ತುಂಡು ಜೋಡಿಸಿ ಕೊಡು ಎಂದು ನನ್ನ ಹತ್ತಿರ ತಂದರು. ನಾನು ಜಾಣೆ, ಅಳತೆ ತೆಗೆದುಕೊಂಡು ಕೂತಿದ್ದೆ. ನರ್ಸಮ್ಮ ನೋಡಿ, "ಇದು ರವಿಕೆ ತೋಳಲ್ಲ, ಮುಟ್ಟಬೇಡ!" ಎಂದು ಕಿತ್ತುಕೊಂಡು, ದೊಡ್ಡ ಪಟ್ಟಿಯನ್ನು ಬೇರೆ ತರಿಸಿದಳು.

ಮೊದಲ ವಾರವೇ ಊರು ತಲೆಕೆಳಗಾಯಿತು. ಯಾರನ್ನು ಅಳೆದರೂ ಬಿಪಿ! ಮೇಷ್ಟ್ರಿಗೆ ಬಿಪಿ, ಕಂಡಕ್ಟರಿಗೆ ಬಿಪಿ, ಗಿರಣಿಯವನಿಗೆ ಬಿಪಿ, ಮೀಸೆ ಮೂಡದ ಹುಡುಗರಿಗೂ ಬಿಪಿ. ಮನೆಮನೆಯಲ್ಲಿ ಉಪ್ಪಿನ ಡಬ್ಬಿ ಅಟ್ಟ ಸೇರಿತು. ಸಪ್ಪೆ ಊಟ ಮಾಡಿದ ಗಂಡಸರು ಸಿಡಿಮಿಡಿ ಎಂದರು, ಸಿಡುಕಿದ್ದಕ್ಕೆ ಹೆಂಡಂದಿರು "ನೋಡಿ, ಬಿಪಿ" ಎಂದರು. ಆರೋಗ್ಯ ಕೇಂದ್ರದ ಮುಂದೆ ಎಂದೂ ಕಾಣದ ಸಾಲು. ನರ್ಸಮ್ಮ ಒಬ್ಬೊಬ್ಬರನ್ನೇ ಕೂರಿಸಿ ಅಳೆದಳು. ಅಳೆದರೆ, ಒಂದಿಬ್ಬರು ಬಿಟ್ಟು ಎಲ್ಲರೂ ಗುಂಡುಕಲ್ಲಿನ ಹಾಗಿದ್ದಾರೆ!

"ನಿಮ್ಮ ಮಿಷನ್ ಕೆಟ್ಟಿದೆ," ಎಂದಳು.

"ನನ್ನ ಮಿಷನ್ನಿಗೆ ಏನೂ ಆಗಿಲ್ಲ, ನಿಮ್ಮ ಕಣ್ಣು ಕೆಟ್ಟಿದೆ," ಎಂದರು ಭಾವ. ತಮ್ಮ ಮಗುವನ್ನು ಬೇರೆಯವರು ಪೆದ್ದು ಅಂದ ಹಾಗೆ ಮುಖ ಕೆಂಪಾಗಿತ್ತು.

ಎರಡು ಮಿಷನ್ನನ್ನೂ ಪಕ್ಕಪಕ್ಕ ಇಟ್ಟು ನನ್ನದೇ ತೋಳಿಗೆ ಸುತ್ತಿ ಅಳೆದರು. ಒಂದೇ ಅಂಕಿ. ಮಿಷನ್ನು ಸರಿ, ಕಣ್ಣು ಸರಿ, ಊರು ಮಾತ್ರ ಕೆಟ್ಟಿದೆ. ಮೇಡಂ ಬಂದು ಇದನ್ನು ನೋಡಿದರೆ ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ. ಭಾವ ಆ ದಿನಗಳಲ್ಲಿ ಊಟ ಬಿಟ್ಟರು, ಮಾತು ಬಿಡಲಿಲ್ಲ.

ಒಂದು ಬೆಳಗ್ಗೆ ನರ್ಸಮ್ಮ ಹಿಂಬಾಗಿಲಿನಿಂದ ನನ್ನ ಅಂಗಡಿಗೆ ಬಂದು, ತುಟಿಯ ಮೇಲೆ ಬೆರಳಿಟ್ಟು, ಬಟ್ಟೆಯ ಗುಡ್ಡೆಯ ಮೇಲೆ ಕೂತಳು. ಇಬ್ಬರೂ ಸಂದಿಗೆ ಕಣ್ಣು ಹಚ್ಚಿದೆವು. ಕುರ್ಚಿಯಲ್ಲಿ ಕಂಡಕ್ಟರು. ಮುಖದ ತುಂಬ ನೊರೆ, ಎಡತೋಳಿಗೆ ಪಟ್ಟಿ, ಗಂಟಲ ಮೇಲೆ ಕತ್ತಿ. ಭಾವ ದನಿ ತಗ್ಗಿಸಿದರು.

"ನಿಮಗೆ ಹೇಳಬಾರದು ಅಂತಿದ್ದೆ. ನಿಮ್ಮ ಪಕ್ಕದ ಹೊಲದವನು ನಿನ್ನೆ ಸರ್ವೆಯವರನ್ನ ಕರೆಸಿದ್ದನಂತೆ."

ಕಂಡಕ್ಟರ ಕಣ್ಣು ಕನ್ನಡಿಯಲ್ಲಿ ದೊಡ್ಡದಾಯಿತು.

"ಸರಪಳಿ ಹಿಡಿದು ಅಳೆದ್ರಂತೆ. ಅಳೀತಾ ಅಳೀತಾ ನಿಮ್ಮ ಬೇಲಿ ಹತ್ರ ಬಂದ್ರಂತೆ. ಬಂದು..." ಇಷ್ಟು ಹೇಳಿ ಭಾವ ಗುಂಡಿ ಒತ್ತಿದರು. ಪಟ್ಟಿ ಬುಸ್ ಎಂದು ಉಬ್ಬತೊಡಗಿತು. ಅದು ಉಬ್ಬಿ ಮುಗಿಯುವ ತನಕ ಸರ್ವೆಯವರು ಬೇಲಿಯ ಹತ್ತಿರವೇ ನಿಂತಿದ್ದರು! ಕಂಡಕ್ಟರು ಉಸಿರು ಬಿಡಲಿಲ್ಲ. ಬೆಂಚಿನ ಮೇಲಿದ್ದವರೂ ಬಿಡಲಿಲ್ಲ. ನನ್ನ ಕೈಯಲ್ಲಿದ್ದ ಸೂಜಿ ಹಾಗೇ ನಿಂತಿತ್ತು. ಪಕ್ಕದಲ್ಲಿ ನೋಡುತ್ತೇನೆ, ನರ್ಸಮ್ಮ ತನ್ನ ನಾಡಿ ತಾನೇ ಹಿಡಿದುಕೊಂಡು ಕೂತಿದ್ದಾಳೆ.

"ಬಂದು ಏನು ಮಾಡಿದ್ರು?" ಎಂದು ಹಲಗೆಯ ಈ ಕಡೆಯಿಂದ ಕಿರುಚಿಯೇಬಿಟ್ಟಳು.

ಆ ಕಡೆ ಕಂಡಕ್ಟರು ಹಾರಿಬಿದ್ದರು. ಕತ್ತಿ ಹಿಡಿದಿದ್ದ ಭಾವ ಅದಕ್ಕಿಂತ ಎತ್ತರ ಹಾರಿದರು. ಮಿಷನ್ನು ಎಂದೂ ತೋರಿಸದ ಅಂಕಿ ತೋರಿಸಿತು.

ಎಲ್ಲರ ನಗು ನಿಂತ ಮೇಲೆ ನರ್ಸಮ್ಮ ಆ ಕಡೆಗೆ ಹೋಗಿ, ಸೊಂಟದ ಮೇಲೆ ಕೈಯಿಟ್ಟು ತೀರ್ಪು ಕೊಟ್ಟಳು. "ರೇಡಿಯೋ ಅಣ್ಣ, ಊರಿಗೆ ಬಂದಿರೋ ಬಿಪಿ ಬೇರೆ ಯಾವುದೂ ಅಲ್ಲ, ನೀವೇ! ಅಳೆಯೋಕೆ ಮುಂಚೆ ಐದು ನಿಮಿಷ ಅವರೂ ಸುಮ್ಮನಿರಬೇಕು, ನೀವೂ ಸುಮ್ಮನಿರಬೇಕು ಅಂತ ಹೇಳಿಕೊಟ್ಟಿರಲಿಲ್ವಾ?"

"ಅವರು ಸುಮ್ಮನೇ ಇದ್ದರಲ್ಲ ಸಿಸ್ಟರ್! ಮಾತಾಡಿದ್ದು ನಾನೊಬ್ಬನೇ."

"ಅದೇ ತಾನೇ!"

ಕಂಡಕ್ಟರು ನೊರೆಯ ಸಮೇತ ಎದ್ದು ನಿಂತು, ಸರ್ವೆಯವರು ಏನು ಮಾಡಿದರು ಎಂದು ಇನ್ನೂ ಕೇಳುತ್ತಲೇ ಇದ್ದರು. ಪಾಪ, ಸರ್ವೆಯವರು ನೀರು ಕೇಳಿ ಕುಡಿದು ಹೋಗಿದ್ದರಂತೆ, ಅಷ್ಟೆ.

ಹೀಗೆ ಭಾವನ ಬಾಯಿಗೆ ಬೀಗ ಬಿತ್ತು. ಯಾರು ಬಂದರೂ ಮೊದಲು ಐದು ನಿಮಿಷ ಮೌನ, ಆಮೇಲೆ ಅಳತೆ, ಆಮೇಲೆ ಬೇಕಾದಷ್ಟು ಮಾತು ಎಂದು ನರ್ಸಮ್ಮ ನಿಯಮ ಮಾಡಿದಳು. ಹೇಳುವುದು ಸುಲಭ. ಭಾವನ ಅವಸ್ಥೆಯನ್ನು ನಾನು ಸಂದಿನಿಂದ ನೋಡಿದ್ದೇನೆ. ಬಾಚಣಿಗೆಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಿದ್ದರು. ಗಾಳಿಯಲ್ಲಿ ಕತ್ತರಿ ಆಡಿಸುತ್ತಿದ್ದರು. ಗಡಿಯಾರದ ಎದುರಿಗೆ ನಿಂತು ಮುಳ್ಳನ್ನು ಕಣ್ಣಿನಲ್ಲೇ ತಳ್ಳುತ್ತಿದ್ದರು. ಒಮ್ಮೆ ಯಾರೋ, "ಸುದ್ದಿ ಕೇಳಿದ್ರಾ, ಮೇಷ್ಟ್ರ ಮನೇಲಿ..." ಎಂದು ಶುರುಮಾಡಿದಾಗ ಎರಡೂ ಕಿವಿಗೆ ಬೆರಳಿಟ್ಟುಕೊಂಡು ಬೀದಿಗೆ ಓಡಿದರು. ಗಿರಾಕಿಗಳಿಗೂ ಗಾಬರಿ. ಹೊಸದಾಗಿ ಬಂದವರು ಒಳಗಿನ ಮೌನ ನೋಡಿ ಚಪ್ಪಲಿ ಬಿಟ್ಟು, ಯಾರು ಹೋದರು ಎಂದು ಮೆಲ್ಲಗೆ ನನ್ನನ್ನು ಕೇಳುತ್ತಿದ್ದರು.

ಅಂಕಿಗಳು ಮಾತ್ರ ಸರಸರ ಇಳಿದವು. ಉಪ್ಪಿನ ಡಬ್ಬಿ ಅಟ್ಟದಿಂದ ಇಳಿಯಿತು. ನಿಜವಾಗಿ ಒತ್ತಡ ಇದ್ದವರು ಯಾರು ಎಂದು ಈಗ ತಿಳಿಯಿತು. ಗಿರಣಿಯವನು ಅವರಲ್ಲೊಬ್ಬ. ಮಾತ್ರೆ ನುಂಗಲು ಶುರುಮಾಡಿ, ಅದನ್ನೇ ಒಂದು ಬಿರುದಿನ ಹಾಗೆ ಹೇಳಿಕೊಂಡು ತಿರುಗಿದ. ಭಾವ ಮಿಷನ್ನಿನ ಹೂವಿನ ಅಂಗಿ ತಟ್ಟಿ, "ಹೇಗಿದೆ ನನ್ನ ಬಂಗಾರ?" ಅನ್ನುತ್ತಿದ್ದರು. ಮೇಡಂ ಯಾವಾಗ ಬೇಕಾದರೂ ಬರಲಿ!

ಅಂಗಡಿಯಲ್ಲಿ ತಡೆದ ಮಾತು ಹೋಗುವುದೆಲ್ಲಿಗೆ? ಮನೆಗೆ. ಚಪ್ಪಲಿ ಬಿಡುವ ಮೊದಲೇ ಶುರು. ಅಕ್ಕ ತರಕಾರಿ ಹೆಚ್ಚುತ್ತ "ಹೂಂ," ಪಾತ್ರೆ ತೊಳೆಯುತ್ತ "ಆಮೇಲೆ?", ಬಟ್ಟೆ ಮಡಿಸುತ್ತ "ಅಯ್ಯೋ ಪಾಪ!" ನನ್ನ ಅಕ್ಕನ ಮೇಲೆ ನನಗೆ ಮರುಕ.

"ಅಕ್ಕಾ, ಊರಿನ ಬಿಪಿ ಎಲ್ಲ ಬುಟ್ಟಿಲಿ ತುಂಬಿ ನಿನ್ನ ತಲೆ ಮೇಲೆ ಸುರೀತಿದಾರಲ್ಲೇ," ಎಂದೆ.

"ಸುರೀಲಿ ಬಿಡು," ಎಂದಳು ಅಕ್ಕ. ಅವಳದು ಅಷ್ಟೇ ಮಾತು.

ಮೇಡಂ ಬಂದ ದಿನ ಬೆಂಚು ತುಂಬ ಜನರಿದ್ದರು. ಆದರೆ ದೂರದ ಊರಿನ ಮೇಡಮ್ಮೂ ನರ್ಸಮ್ಮನೂ ಒಟ್ಟಿಗೆ ಒಳಗೆ ಬಂದು, "ಯಾರು ಅಳೆಸ್ಕೊತೀರಿ?" ಅಂದದ್ದೇ ತಡ, ನಮ್ಮ ಶೂರರಿಗೆಲ್ಲ ಒಂದೊಂದು ಕೆಲಸ ನೆನಪಾಯಿತು. ಒಬ್ಬನಿಗೆ ಬಸ್ಸು, ಒಬ್ಬನಿಗೆ ದನ. ಗಿರಣಿಯವನು ಗಿರಣಿ ಬಂದ್ ಮಾಡುವುದನ್ನು ಮರೆತಿದ್ದನಂತೆ. ಬೆಂಚು ಖಾಲಿ. ಆ ಹೊತ್ತಿಗೆ ಸರಿಯಾಗಿ ಅಕ್ಕ ಚಹಾದ ಲೋಟಗಳನ್ನು ಹಿಡಿದು ಬಂದಳು.

"ನೀವೇ ಕೂತ್ಕೊಳ್ಳಿ," ಎಂದರು ಮೇಡಂ.

"ನಾನಾ? ನನಗೇನಾಗಿದೆ? ಗಂಡಸರ ಕುರ್ಚಿ ಅದು!" ಅಕ್ಕ ನಾಚಿ ನಕ್ಕಳು. ನಾನೇ ಭುಜ ಹಿಡಿದು ಕೂರಿಸಿ, ಕುರ್ಚಿಯನ್ನು ಒಂದು ಸುತ್ತು ಗಿರ್ರನೆ ತಿರುಗಿಸಿದೆ. ಅಕ್ಕ ಚಿಕ್ಕ ಹುಡುಗಿಯ ಹಾಗೆ ಕೂಗಿದಳು. ಎಲ್ಲರೂ ನಕ್ಕೆವು.

ಆಮೇಲೆ ಮೌನ. ಭಾವ ಕೈಕಟ್ಟಿ ನಿಂತರು, ಬಾಚಣಿಗೆ ಕಚ್ಚಲಿಲ್ಲ, ಗಡಿಯಾರ ನೋಡಲಿಲ್ಲ. ಇಷ್ಟು ಚೆನ್ನಾಗಿ ಅವರು ಸುಮ್ಮನಿದ್ದದ್ದನ್ನು ನಾನು ನೋಡಿರಲಿಲ್ಲ. ಪಟ್ಟಿ ಸುತ್ತಿದರು, ಗುಂಡಿ ಒತ್ತಿದರು. ಅಂಕಿ ಬಂತು. ಭಾವನ ಮುಖದ ಬಣ್ಣ ಇಳಿಯಿತು. ಇನ್ನೊಮ್ಮೆ ಒತ್ತಿದರು. ಅದೇ. ಗಿರಣಿಯವನದಕ್ಕಿಂತ ಹೆಚ್ಚು.

"ಮೇಡಂ, ಈ ಮಿಷನ್ ಕೆಟ್ಟಿದೆ," ಎಂದರು ಭಾವ.

ನರ್ಸಮ್ಮ ಬೆಚ್ಚಿ ನೋಡಿದಳು.

"ಕೆಟ್ಟಿದೆ ಮೇಡಂ. ಸುಳ್ಳು ಹೇಳುತ್ತೆ. ಮೊದಲಿಂದಾನೂ ಹಾಗೇನೆ, ಸಿಸ್ಟರ್ ಹೇಳಿದಾಗ ನಾನೇ ಕೇಳಲಿಲ್ಲ. ತಗೊಂಡು ಹೋಗಿ. ಬೇರೆ ಊರಿಗೂ ಕೊಡಬೇಡಿ." ಅಷ್ಟು ತಿಂಗಳು ಯಾವುದಕ್ಕಾಗಿ ನಾಲಿಗೆ ಕಚ್ಚಿಕೊಂಡಿದ್ದರೋ ಅದನ್ನೇ ಎತ್ತಿ, ಹೂವಿನ ಅಂಗಿಯ ಸಮೇತ ಮೇಡಂ ಕೈಗೆ ತುರುಕಿದರು.

ನರ್ಸಮ್ಮ ಚೀಲದಿಂದ ತನ್ನ ಮಿಷನ್ನು ತೆಗೆದು, ಅಕ್ಕನ ಪಕ್ಕದಲ್ಲಿ ಮಂಡಿಯೂರಿ, ಸ್ವಲ್ಪ ಹೊತ್ತು ಕಾದು ಅಳೆದಳು. ಅದೇ ಅಂಕಿ. ಊರಿನ ಗಂಡಸರನ್ನೆಲ್ಲ ಅಳೆದ ಮನೆಯಲ್ಲಿ ಅಕ್ಕನನ್ನು ಅಳೆದವರೇ ಇರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರಲ್ಲ, ನನಗೆ ಆಗ ನನ್ನ ಮೇಲೂ ಸಿಟ್ಟು ಬಂತು. ಅಕ್ಕನ ರವಿಕೆಯ ಅಳತೆ ನಿದ್ದೆಯಲ್ಲೂ ಹೇಳುವವಳು ನಾನು!

ಮೇಡಂ ಮಿಷನ್ನನ್ನು ಮೆಲ್ಲಗೆ ಮೇಜಿನ ಮೇಲೆ ವಾಪಸು ಇಟ್ಟರು. "ಇದು ಇಲ್ಲೇ ಇರಲಿ. ಇನ್ನು ಮೇಲೆ ಹೆಂಗಸರನ್ನೂ ಕೂರಿಸಿ," ಎಂದರು. ಗೆದ್ದೆವು. ಆದರೆ ಯಾರೂ ನಗಲಿಲ್ಲ. ಅಕ್ಕ ಮಾತ್ರ, "ಚಹಾ ಆರಿ ಹೋಯ್ತು," ಎಂದಳು.

ಅಕ್ಕ ದೊಡ್ಡಾಸ್ಪತ್ರೆಗೆ ಹೋಗಿ ಬಂದಳು, ಮಾತ್ರೆ ಶುರುವಾಯಿತು. ಭಾವ ಮನೆಯಲ್ಲೂ ಬಾಯಿ ಮುಚ್ಚಿದರು. ಇದೆಲ್ಲ ತಮ್ಮ ಮಾತಿನಿಂದಲೇ ಆದದ್ದು ಎಂದು ಅವರ ಲೆಕ್ಕ. ಊರಿನ ಬಿಪಿ ಏರಿಸಿದ ಬಾಯಿ ಹೆಂಡತಿಯದನ್ನು ಏರಿಸದೆ ಬಿಡುತ್ತದೆಯೇ? ಹಾಗಲ್ಲ, ಇದು ಒಂದು ದಿನದಲ್ಲಿ ಬರುವ ಕಾಯಿಲೆ ಅಲ್ಲ ಎಂದು ನರ್ಸಮ್ಮ ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬಂದು ತೆಪ್ಪಗೆ ಉಣ್ಣುತ್ತಿದ್ದರು, ತೆಪ್ಪಗೆ ಕೈ ತೊಳೆಯುತ್ತಿದ್ದರು. ಅಕ್ಕ ಎಡವಿದ ಸ್ಟೂಲನ್ನೂ ಸದ್ದಾಗದ ಹಾಗೆ ಎತ್ತಿಡುತ್ತಿದ್ದರು. ಹೊರಗೆ ಜಗತ್ತು ನಡೆಯುತ್ತಲೇ ಇತ್ತು. ಮೇಷ್ಟ್ರ ಮನೆಯ ಹಿತ್ತಲಲ್ಲಿ ಬೇರೆಯವರ ಕೋಳಿ ಮೊಟ್ಟೆಯಿಟ್ಟು ಅದು ಯಾರದು ಎಂದು ಎರಡು ಬೀದಿ ಹೊಡೆದಾಡಿತ್ತು! ಅಂಥ ಸುದ್ದಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಭಾವ ಹೇಗೆ ಬದುಕಿದ್ದರೋ.

ಒಂದು ವಾರ ಅಕ್ಕ ನೋಡಿದಳು. ಆಮೇಲೆ ಒಂದು ಮಧ್ಯಾಹ್ನ, ಬೆಂಚು ತುಂಬಿದ್ದಾಗ, ಸೀದಾ ಅಂಗಡಿಗೆ ನುಗ್ಗಿದಳು. ಕುರ್ಚಿಯಲ್ಲಿ ಆಗಷ್ಟೇ ಕೂತಿದ್ದ ಗಿರಣಿಯವನನ್ನು, "ಏಳಪ್ಪ ಸ್ವಲ್ಪ," ಎಂದು ಎಬ್ಬಿಸಿ ತಾನು ಕೂತಳು. ತೋಳು ಚಾಚಿದಳು.

"ಅಳೀರಿ."

ಭಾವ ಗಡಿಯಾರದ ಕಡೆ ಬೆರಳು ತೋರಿಸಿದರು.

"ಅದೆಲ್ಲ ಬೇಡ. ಮಾತಾಡ್ತಾ ಅಳೀರಿ. ಮೊಟ್ಟೆ ವಿಷಯ ಹೇಳಿ."

"ಮಾತಾಡಬಾರದು ಕಣೆ. ನಿಯಮ."

"ನಿಯಮ ಊರಿಗೆ ರೀ. ನಾನು ಊರಾ?"

ಭಾವ ಪಟ್ಟಿ ಸುತ್ತಿದರು. ಗಂಟಲು ಸರಿಮಾಡಿಕೊಂಡರು. ಮೊದಲು ಮಾತು ತಡವರಿಸಿತು, "ಒಂದು ಕೋಳಿ ಇತ್ತು" ಎಂದು ಮಗುವಿನ ಕಥೆಯ ಹಾಗೆ. ಅಕ್ಕ "ಹೂಂ" ಎಂದಳು. ಕೋಳಿ ತಲೆಯೆತ್ತಿತು. "ಆಮೇಲೆ?" ಎಂದಳು. ಕೋಳಿ ಬೇಲಿ ಹಾರಿತು, ಮೇಷ್ಟ್ರ ಹೆಂಡತಿ ಪೊರಕೆ ಹಿಡಿದರು, ಆ ಬೀದಿ ಈ ಬೀದಿಯ ಮೇಲೆ ಬಂತು. ಭಾವನ ಕೈ ಗಾಳಿಯಲ್ಲಿ ಹಾರಾಡಿತು, ಬೆಂಚು ಬಿದ್ದು ಬಿದ್ದು ನಕ್ಕಿತು. ಅಕ್ಕ ಕಣ್ಣು ಮುಚ್ಚಿ, ತಲೆಯನ್ನು ಕುರ್ಚಿಗೆ ಆನಿಸಿದಳು. ಯಾವಾಗ ಗುಂಡಿ ಒತ್ತಿದರೋ ಭಾವನಿಗೂ ಗೊತ್ತಾಗಲಿಲ್ಲ.

ಅಂಕಿ ನೋಡಿ ಅವರ ಮಾತು ನಿಂತಿತು. ನರ್ಸಮ್ಮ ಆ ವಾರ ಅಕ್ಕನನ್ನು ಅಳೆದಾಗ ಬಂದ ಎಲ್ಲ ಅಂಕಿಗಿಂತ ಕಡಿಮೆ. ಗಿರಣಿಯವನು ಬಗ್ಗಿ ನೋಡಿ, "ಅರೆ, ಇಳಿದಿದೆ!" ಎಂದು ಕೂಗಿದ. ಮಾತ್ರೆ ಕೆಲಸ ಮಾಡಿದೆ ಎಂದು ನರ್ಸಮ್ಮ ಆಮೇಲೆ ಹೇಳಿದಳು. ಮಾತ್ರೆ ಒಂದು ದಿನವೂ ತಪ್ಪಿಸಬಾರದು ಎಂದೂ ಹೇಳಿದಳು. ಅಕ್ಕ ತಪ್ಪಿಸುವುದಿಲ್ಲ.

ಆದರೆ ಆ ಗಳಿಗೆಯಲ್ಲಿ ನರ್ಸಮ್ಮ ಅಲ್ಲಿರಲಿಲ್ಲ. ನಾನಿದ್ದೆ, ಸಂದಿಗೆ ಕಣ್ಣು ಹಚ್ಚಿಕೊಂಡು. ಅಕ್ಕ ಕಣ್ಣು ತೆರೆದು, ಅಷ್ಟು ಗಂಡಸರ ನಡುವೆ ಭಾವನ ಕೈ ಹಿಡಿದುಕೊಂಡಳು.

"ನೀವು ಸುಮ್ಮನಾದ್ರೆ ನನಗೆ ಭಯ ಆಗುತ್ತೆ ರೀ," ಎಂದಳು. "ಆ ಮೊಟ್ಟೆ ಕೊನೆಗೆ ಯಾರ ಪಾಲಾಯ್ತು, ಹೇಳಿ."

ಭಾವ ಇನ್ನೊಂದು ಕೈಯಿಂದ ಕಣ್ಣೊರೆಸಿಕೊಂಡು ಹೇಳತೊಡಗಿದರು.